ಹಗಲಲ್ಲಿ ದೀಪ ಹಿಡಿದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬರೆದಿದ್ದೇನೆ, ನೀಲಿ ಮಸಿಯಲ್ಲಿ, ದುಂಡನೆಯ ಅಕ್ಷರದಲ್ಲಿ, ತಂದೆಯ ಹೆಸರು, ಊರಿನ ಹೆಸರು ಸಮೇತ. ಅಷ್ಟು ಸಾಕು. ಒಬ್ಬ ಮನುಷ್ಯನ ಹೆಸರನ್ನು ಒಂದೇ ಕೈ ಎಷ್ಟು ಸಲ ಕೆಡಿಸಬೇಕು?

ಹೋದ ತಿಂಗಳು ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಹಮಾಲನೊಬ್ಬ ಸಿಕ್ಕಿದ. "ಗ್ಯಾಸ್ ಕಾಕಾ ಹೋದ್ರಂತರಿ, ಗುಂಡಗುರ್ತ್ಯಾಗ" ಅಂದ. ಎಲೆ ಅಡಿಕೆ ಜಗಿಯುತ್ತ ಮತ್ತೊಂದು ಮಾತು ಸೇರಿಸಿದ. "ಕುಡದು ಕುಡದು ಹೋದ್ರು, ಪಾಪ." ಇಲ್ಲಪ್ಪಾ, ಅವರು ಕುಡಿಯುತ್ತಿರಲಿಲ್ಲ ಅನ್ನಬೇಕಿತ್ತು ನಾನು. ಐದು ಸೆಕೆಂಡಿನ ಮಾತು. ಅಷ್ಟರಲ್ಲಿ ಬಸ್ಸು ಬಂತು, ಹತ್ತಿ ಕೂತೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತೆಂದು ಒಳಗೊಳಗೇ ಖುಷಿಯೂ ಆಯಿತು. ನಾನು ಎಂಥವನು ಎಂಬುದು ಇಷ್ಟರಿಂದಲೇ ತಿಳಿಯಲಿ. ಮುಂದೆ ಓದುವವರಿಗೆ ಅನುಕೂಲ.

ಆಗ ನಮ್ಮದು ಇನ್ನೂ ಮೈಸೂರು ರಾಜ್ಯ. ವಾಡಿ ಜಂಕ್ಷನ್ನಿನ ಮಾಲ್‌ಗಾಡಿ ಹಳಿಗಳಿಗೆ ಹೊಂದಿಕೊಂಡು ಒಂದು ದೊಡ್ಡ ಧಾನ್ಯದ ಗೋದಾಮು ಇತ್ತು. ಯಾರದು ಎಂದು ಹೇಳುವುದಿಲ್ಲ. ಈಗ ಅದು ಇಲ್ಲ, ಹೇಳಿದರೆ ಆಗುವುದೂ ಏನಿಲ್ಲ. ಸುತ್ತಮುತ್ತಲಿನ ತೊಗರಿ, ಜೋಳ, ಹೊರಗಿನಿಂದ ವ್ಯಾಗನ್ನಿನಲ್ಲಿ ಬಂದ ಗೋಧಿ ಎಲ್ಲ ಅಲ್ಲಿ ಚೀಲಚೀಲವಾಗಿ ಸೂರಿನವರೆಗೆ ಥಪ್ಪಿ ಹಚ್ಚಿರುತ್ತಿತ್ತು. ನಾನು ಅಲ್ಲಿ ಗುಮಾಸ್ತ. ಕಾಕಾ ಅಲ್ಲಿ ಹುಳ ಕೊಲ್ಲುವವರು.

ಗೋದಾಮಿನಲ್ಲಿ ನುಸಿ, ಹುಳ ಬಿದ್ದರೆ ಆ ಥಪ್ಪಿಯನ್ನು ರಬ್ಬರಿನ ದಪ್ಪ ತಾಡಪತ್ರಿಯಿಂದ ಪೂರ್ತಿ ಮುಚ್ಚಬೇಕು. ತಾಡಪತ್ರಿಯ ಅಂಚು ನೆಲಕ್ಕೆ ಕೂಡುವಲ್ಲಿ ಉಸುಕು ತುಂಬಿದ ಉದ್ದುದ್ದ ಚೀಲಗಳನ್ನು ಒತ್ತಿ ಇಡಬೇಕು. ಆಮೇಲೆ ಒಂದು ಸಿಲಿಂಡರಿನಿಂದ ನಳಿಗೆಯಲ್ಲಿ ಗ್ಯಾಸು ಬಿಟ್ಟು, ಬಾಗಿಲು ಹಾಕಿ, ಒಂದು ಪೂರ್ತಿ ದಿನ, ಕೆಲವೊಮ್ಮೆ ಎರಡು ದಿನ ಕಾಯಬೇಕು. ಸಿಲಿಂಡರಿನ ಮೇಲೆ ತಲೆಬುರುಡೆಯ ಚಿತ್ರ ಇತ್ತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಹೆಸರು: ಮಿಥೈಲ್ ಬ್ರೋಮೈಡ್. ನಾವು ಯಾರೂ ಆ ಹೆಸರನ್ನು ಹೇಳುತ್ತಿರಲಿಲ್ಲ. ಗ್ಯಾಸು, ಅಷ್ಟೇ. ಅದನ್ನು ಬಿಡುವವರು ಗ್ಯಾಸ್ ಕಾಕಾ. ಮುಂಬಯಿಯಿಂದ ಬಂದ ಯಾರೋ ಒಬ್ಬರು ಎಂಟು ದಿನ ಕಲಿಸಿ ಹೋದ ವಿದ್ಯೆಯನ್ನು ಅವರು ಹತ್ತು ವರ್ಷ ನಿಷ್ಠೆಯಿಂದ ನಡೆಸಿದರು.

ಗಿಡ್ಡ ಆಳು. ಮೊಣಕಾಲಿನ ಮೇಲೆ ಕಟ್ಟಿದ ಧೋತರ, ತಲೆಗೆ ಬಿಗಿಯಾಗಿ ಸುತ್ತಿದ ಟವೆಲ್ಲು, ಕೈಯಲ್ಲೊಂದು ಉರಿಯುವ ದೀಪ. ರಣರಣ ಬಿಸಿಲಿನಲ್ಲಿ, ನಟ್ಟನಡು ಹಗಲಲ್ಲಿ ದೀಪ ಹಿಡಿದು ಗೋದಾಮಿನ ಸುತ್ತ ತಿರುಗುವ ಈ ಮನುಷ್ಯನನ್ನು ಹೊಸಬರು ಹುಚ್ಚ ಅಂದುಕೊಳ್ಳುತ್ತಿದ್ದರು.

ಗ್ಯಾಸು ಬಿಡುವ ಮೊದಲು ಅವರದೊಂದು ಕ್ರಮ ಇತ್ತು. ಒಬ್ಬರೇ ಒಳಗೆ ಹೋಗಿ ಪ್ರತಿ ಥಪ್ಪಿಯ ಸುತ್ತ ಚಪ್ಪಾಳೆ ತಟ್ಟುತ್ತ ನಡೆಯುತ್ತಿದ್ದರು. "ನಡೀರೆವ್ವಾ, ಹೊರಗ ನಡೀರಿ, ಜಲ್ದಿ ಜಲ್ದಿ." ಬೆಕ್ಕು, ಅಳಿಲು, ಗುಬ್ಬಿ ಯಾವುದಾದರೂ ಒಳಗೆ ಉಳಿದಿದ್ದರೆ ಹೊರಗೆ ಹೋಗಲಿ ಎಂದು. ಒಮ್ಮೆ ಮರಿ ಹಾಕಿದ ಬೆಕ್ಕೊಂದು ಥಪ್ಪಿಯ ಸಂದಿಯಿಂದ ಹೊರಡಲೊಲ್ಲದು. ಕಾಕಾ ಅರ್ಧ ದಿನ ಕೆಲಸ ನಿಲ್ಲಿಸಿ ಒಂದೊಂದೇ ಮರಿಯನ್ನು ಟವೆಲ್ಲಿನಲ್ಲಿ ಎತ್ತಿ ಹೊರಗೆ ತಂದರು. ಮ್ಯಾನೇಜರು ಬೈದರೆ, "ಹುಳಾ ಕೊಲ್ಲಲಿಕ್ಕಿ ಪಗಾರ ಕೊಡ್ತೀರಿ, ಬೆಕ್ಕ ಕೊಲ್ಲಲಿಕ್ಕಿ ಕೊಡಂಗಿಲ್ಲಲ್ರಿ" ಅಂದರು.

ಹುಳದ ವಿಷಯದಲ್ಲೂ ಅವರ ಮನಸ್ಸು ಹಗುರ ಇರಲಿಲ್ಲ. ಸಿಲಿಂಡರಿನ ಕೀಲಿ ತಿರುಗಿಸುವ ಮುನ್ನ ಅದನ್ನು ಮುಟ್ಟಿ ಹಣೆಗೆ ಕೈ ಒತ್ತಿಕೊಂಡು "ತಪ್ಪಾತು" ಅನ್ನುತ್ತಿದ್ದರು. ಸೋಮವಾರಕ್ಕೊಮ್ಮೆ ಹಳಿಯ ಪಕ್ಕದ ಇರುವೆಗೂಡಿಗೆ ಒಂದು ಹಿಡಿ ಸಕ್ಕರೆ. "ಅಲ್ಲಿ ಕೊಂದದ್ದು ಇಲ್ಲಿ ತೀರಸ್ತೀರೇನು ಕಾಕಾ?" ಎಂದು ನಾನು ಕೆಣಕಿದರೆ ನಗುತ್ತಿದ್ದರು. "ತೀರಂಗಿಲ್ಲ ಬಾಬು. ಆದ್ರ ಕೈ ಒಂದ ಕೆಲಸಾನೇ ಕಲತು ಕುಂದರಬಾರ್ದು ನೋಡ್ರಿ."

ದೀಪದ ವಿಷಯ ಹೇಳಬೇಕು. ಸ್ಪಿರಿಟಿನಿಂದ ಉರಿಯುವ ಸಣ್ಣ ದೀಪ ಅದು. ಉರಿಯ ಬಾಯಿಗೆ ತಾಮ್ರದ ಒಂದು ಬಳೆ. ಗಾಳಿ ಶುದ್ಧ ಇದ್ದರೆ ಉರಿ ಬಣ್ಣವಿಲ್ಲದೆ ಇರುತ್ತದೆ. ಗ್ಯಾಸಿನ ವಾಸನೆ ಮೂಗಿಗೆ ತಿಳಿಯದಿದ್ದರೂ ಆ ತಾಮ್ರಕ್ಕೆ ತಿಳಿಯುತ್ತದೆ; ಉರಿ ಹಸಿರಿಗೆ ತಿರುಗುತ್ತದೆ, ಹೆಚ್ಚಾದರೆ ನೀಲಿ. ಕಾಕಾ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿ. ಆದರೆ ಆ ಉರಿಯನ್ನು ಅವರ ಹಾಗೆ ಓದುವವರು ಇರಲಿಲ್ಲ. ಮೊದಲು ಕಡಲೆ ಎಲೆಯ ಹಸಿರು, ಆಮೇಲೆ ಗಿಳಿ ಹಸಿರು, ಆಮೇಲೆ ನವಿಲು ಕತ್ತಿನ ನೀಲಿ. ಇವು ಅವರದೇ ಅಳತೆಗಳು. ಕಡಲೆ ಎಲೆಯೂ ಕಾಣದಂತಾಗುವ ತನಕ ಹಮಾಲರನ್ನು ಒಳಗೆ ಬಿಡುತ್ತಿರಲಿಲ್ಲ. ನೆಲದ ಹತ್ತಿರ ಒಮ್ಮೆ, ಸೊಂಟದೆತ್ತರಕ್ಕೆ ಒಮ್ಮೆ, ನಾಲ್ಕೂ ಮೂಲೆಯಲ್ಲಿ ಒಮ್ಮೊಮ್ಮೆ ದೀಪ ಹಿಡಿದು ನೋಡಿ, ಅನುಮಾನ ಬಂದರೆ ಮತ್ತೆ ಮೊದಲಿನಿಂದ.

ಒಂದು ದಿನ ವ್ಯಾಗನ್ನುಗಳು ಬಂದು ನಿಂತಿವೆ, ಮ್ಯಾನೇಜರು ಬಾಗಿಲ ಮುಂದೆ ನಿಂತು ಗಡಿಯಾರ ನೋಡುತ್ತಿದ್ದಾರೆ.

"ತಗಸು ಬಾಗಿಲ."

"ಇನ್ನಾ ಗಿಳಿ ಹಸರು ಅದರಿ, ಸಾಹೇಬ್ರ."

"ಗೋದಾಮ ನಡಸಾಂವ ನೀ ಏನು, ನಾ ಏನು?"

"ಗೋದಾಮ ನಿಮ್ದೇರಿ. ಉಸಿರು ಹಮಾಲರ್ದು."

ಹಮಾಲರು ಮುಸಿಮುಸಿ ನಕ್ಕರು. ಬಾಗಿಲು ಮಧ್ಯಾಹ್ನದವರೆಗೆ ತೆಗೆಯಲಿಲ್ಲ. ಮ್ಯಾನೇಜರು ಅಂದು ಏನೂ ಅನ್ನಲಿಲ್ಲ, ಆದರೆ ಅನ್ನದೆ ಇಟ್ಟುಕೊಂಡರು. ಅನ್ನದೆ ಇಟ್ಟುಕೊಳ್ಳುವ ಜನ ಅಂದುಬಿಡುವವರಿಗಿಂತ ಕೆಟ್ಟವರು. ಇದು ನನ್ನ ಅನುಭವ.

ಕಾಕಾರದು ಮೂಲತಃ ಕಾಗಿಣಾ ಹೊಳೆದಂಡೆಯ ಮನೆತನ; ಆ ದಂಡೆಯವರೆಲ್ಲ ಸೇಂದಿ ಕುಡುಕರು ಎಂಬುದು ನಮ್ಮ ಕಡೆಯ ಮಾತು. ಅಜ್ಜನ ಕಾಲದಲ್ಲಿ ಗುಂಡಗುರ್ತಿಗೆ ಬಂದು ನೆಲೆ ನಿಂತವರು. ಅವರ ತಂದೆ ದೊಡ್ಡ ಕುಡುಕ, ಸೇಂದಿ ಕುಡಿದು ಹೊಳೆಗೆ ಇಳಿದವನು ಮೇಲೆ ಬರಲಿಲ್ಲ. ಅದಕ್ಕೇ ಕಾಕಾ ಒಂದು ಹನಿ ಮುಟ್ಟಿದವರಲ್ಲ. ಮದುವೆಮನೆಯಲ್ಲಿ ಬೀಗರು ಒತ್ತಾಯ ಮಾಡಿದರೆ ಗ್ಲಾಸನ್ನು ಬೋರಲು ಹಾಕಿ ಅದರ ಮೇಲೆ ಕೈ ಇಟ್ಟು, "ನಮ್ಮಪ್ಪ ಕುಡದದ್ದು ನಮ್ಮ ಏಳು ತಲಿಗಿ ಸಾಕಾಗ್ತದ, ನೀವು ಕುಡೀರಿ" ಅನ್ನುತ್ತಿದ್ದರು. ಅವರ ಚಟ ಒಂದೇ, ಚಹಾ. ಬಶಿಯಲ್ಲಿ ಸುರುವಿಕೊಂಡು, ಊದಿ, ಕಣ್ಣು ಮುಚ್ಚಿ ಕುಡಿಯುತ್ತಿದ್ದರು.

ಈಗ ವಾಡಿಯ ಬೇಸಿಗೆಯನ್ನು ನೆನೆಯಬೇಕು. ಕಲ್ಲು ಕಾದು, ಸಿಮೆಂಟಿನ ಧೂಳು ಕಾದು, ಹಳಿ ಕಾದು, ಮಧ್ಯಾಹ್ನ ಹನ್ನೆರಡಕ್ಕೆ ನಾಯಿ ಕೂಡ ನೆರಳು ಬದಲಿಸುವುದಿಲ್ಲ. ನಮ್ಮ ಕಡೆಯವರಿಗೆ ಆಗ ಒಂದೇ ಉಪಾಯ. ಎಲ್ಲಿ ಶಹಾಬಾದಿನ ಫರಸಿ ಕಲ್ಲು ಹಾಸಿದೆಯೋ ಅಲ್ಲಿ ಅಂಗಿ ಕಳಚಿ ಬರಿಮೈಯಲ್ಲಿ ಮಲಗುವುದು. ಗೋದಾಮಿನ ನೆಲವೆಲ್ಲ ಫರಸಿಯೇ. ಒಳಗಿನ ಕಲ್ಲು ಹೊಸ್ತಿಲು ದಾಟಿ ಹೊರಗಿನ ಕಟ್ಟೆಯವರೆಗೆ ಒಂದೇ ಸಮನೆ ಹಾಸಿತ್ತು. ಗ್ಯಾಸು ಬಿಟ್ಟ ದಿನ ಆ ಬಾಗಿಲಿಗೆ ಅಡ್ಡಲಾಗಿ, ಬಾಗಿಲ ಸಂದಿಗೆ ತಲೆ ಇಟ್ಟು, ಕೆನ್ನೆಯನ್ನು ಕಲ್ಲಿಗೊತ್ತಿ ಕಾಕಾ ಮಲಗುತ್ತಿದ್ದರು. ಯಾರಾದರೂ ತಿಳಿಯದೆ ಬಾಗಿಲು ತೆಗೆಯಬೇಕಾದರೆ ಅವರನ್ನು ದಾಟಿಯೇ ಹೋಗಬೇಕು. ಕಾವಲೂ ಆಯಿತು, ತಂಪೂ ಆಯಿತು.

"ಎಂಥಾ ಥಂಡ ಜಾಗಾ ಹಿಡದೀರಿ ಕಾಕಾ" ಎಂದು ನಾನು ಹೊಟ್ಟೆಕಿಚ್ಚು ಪಟ್ಟದ್ದುಂಟು. ಹಮಾಲರೂ ಅದನ್ನು ಕಾಕಾರ ಪಲ್ಲಂಗ ಅನ್ನುತ್ತಿದ್ದರು. ಆ ಗ್ಯಾಸು ಗಾಳಿಗಿಂತ ಭಾರ, ನೆಲ ಹಿಡಿದೇ ಹರಿಯುತ್ತದೆ, ಕಲ್ಲಿನ ಸಂದಿಯಲ್ಲಿ ನಿಲ್ಲುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಳಗೆ ದೀಪ ಹಿಡಿದು ನಾಲ್ಕು ಮೂಲೆ ನೋಡುವವರು ತಾವು ತಲೆ ಇಟ್ಟ ಜಾಗದಲ್ಲಿ ಒಮ್ಮೆಯೂ ಹಿಡಿದು ನೋಡಲಿಲ್ಲ. ಬಾಗಿಲ ಹೊರಗೆ ಅಂದರೆ ಹೊರಗೇ ಅಲ್ಲವೇ?

ಮೊದಮೊದಲು ಬರುತ್ತಿದ್ದ ಸಿಲಿಂಡರುಗಳಲ್ಲಿ ಕಣ್ಣೀರು ಬರಿಸುವ ಏನೋ ಒಂದನ್ನು ಚೂರು ಬೆರೆಸಿರುತ್ತಿದ್ದರು. ಗ್ಯಾಸು ಸೋರಿದರೆ ಕಣ್ಣು ಉರಿದು ತಿಳಿಯುತ್ತಿತ್ತು. ಹಮಾಲರು ತಕರಾರು ಮಾಡುತ್ತಾರೆ ಎಂದು ಮ್ಯಾನೇಜರು ಅದಿಲ್ಲದ ಸಿಲಿಂಡರು ತರಿಸಲು ಶುರು ಮಾಡಿದರು. ಕಾಕಾ ಒಬ್ಬರೇ ಬೇಡ ಅಂದವರು. "ಅಳಸೋದು ಛಲೋ ಇತ್ತರಿ. ಅದು ಹೇಳಿ ಬರ್ತಿತ್ತು. ಇದು ಹೇಳಂಗಿಲ್ಲ, ಕೇಳಂಗಿಲ್ಲ." ಮುಖಕ್ಕೆ ಹಾಕಿಕೊಳ್ಳುವ ಮುಸುಕಿನ, ಗಾಳಿ ಸೋಸುವ ಡಬ್ಬಿಯನ್ನು ಇಷ್ಟು ತಾಸಿಗೊಮ್ಮೆ ಬದಲಿಸಬೇಕು ಎಂದು ಮುಂಬಯಿಯವರು ಹೇಳಿಹೋಗಿದ್ದರಂತೆ. ಅದನ್ನೂ ಕೇಳಿದರು, ಬರಲಿಲ್ಲ. ಒಂದೇ ಡಬ್ಬಿ ಎರಡು ವರ್ಷ ನಡೆಯಿತು.

ಇನ್ನು ನನ್ನ ಪಾಲಿನ ಮಾತು.

ಪ್ರತಿ ಸಿಲಿಂಡರಿನ ಜೊತೆ ಒಂದು ಕಾಗದ ಬರುತ್ತಿತ್ತು. ದಪ್ಪ, ನುಣುಪಾದ ಕಾಗದ. ಒಂದು ಬದಿಗೆ ಇಂಗ್ಲಿಷಿನಲ್ಲಿ ಒತ್ತೊತ್ತಾಗಿ ಮುದ್ರಿಸಿದ್ದರು. ಕಾಕಾ ಒಂದು ದಿನ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮೇಜಿಗೆ ಬಂದರು.

"ಬಾಬು, ಜರಾ ಓದಿ ಹೇಳ್ರಿ. ಇಷ್ಟು ಬರದಾರಂದ್ರ ಏನರೆ ಇರಬೇಕು."

ನನ್ನ ಇಂಗ್ಲಿಷು ಮ್ಯಾಟ್ರಿಕ್ಕಿನದು, ಅದೂ ಎರಡನೇ ಪ್ರಯತ್ನದ್ದು. ಎಷ್ಟು ಜಾಗಕ್ಕೆ ಎಷ್ಟು ಗ್ಯಾಸು, ಎಷ್ಟು ಹೊತ್ತು ಎಂಬಲ್ಲಿ ಅಂಕಿಗಳಿದ್ದವು, ಅದನ್ನು ಓದಿ ಹೇಳಿದೆ. ಅರ್ಧ ಕಾಗದ ಮುಗಿಯಿತು. ಕೆಳಗಿನ ಅರ್ಧದಲ್ಲಿ ಉದ್ದುದ್ದ ಶಬ್ದಗಳು, ನನಗೆ ಒಂದೂ ಹಿಡಿತಕ್ಕೆ ಸಿಗಲಿಲ್ಲ. ತಿಳಿಯುವುದಿಲ್ಲ ಕಾಕಾ ಅನ್ನಬಹುದಿತ್ತು. ಸ್ಟೇಷನ್ ಮಾಸ್ತರರ ಹತ್ತಿರ ಒಯ್ದಿದ್ದರೆ ಹತ್ತು ನಿಮಿಷದಲ್ಲಿ ಹೇಳುತ್ತಿದ್ದರು. ಆದರೆ ವಾಡಿಯಲ್ಲಿ ನನ್ನನ್ನು ವಿದ್ವಾಂಸ ಎಂದು ತಿಳಿದಿದ್ದವರು ಅವರೊಬ್ಬರೇ. ಅವರ ಮುಂದೆ ಸಣ್ಣವನಾಗಲು ಮನಸ್ಸು ಬರಲಿಲ್ಲ.

"ಮುಂದಿಂದೆಲ್ಲ ಕಂಪನಿಯವರು ತಮ್ಮನ್ನ ತಾವೇ ಹೊಗಳ್ಕೊಂಡಾರ" ಅಂದೆ.

"ಹಂಗೇನು" ಎಂದು ಕಾಕಾ ನಕ್ಕರು. "ಎಲ್ಲಾರ ಹಣೇಬರಹ ಅದೇ ನೋಡ್ರಿ." ಕಾಗದವನ್ನು ಮಡಚಿ ನನಗೇ ಕೊಟ್ಟು ಹೋದರು. ನಾನು ಅದನ್ನು ದಾರಕ್ಕೆ ಪೋಣಿಸಿ ಕಟ್ಟಿಗೆ ಸೇರಿಸಿದೆ. ಆಮೇಲೆ ಬಂದ ಎಲ್ಲ ಕಾಗದವೂ ಹಾಗೇ ಕಟ್ಟಿಗೆ ಸೇರುತ್ತ ಹೋದವು.

ಕಾಕಾರಿಗೆ ಮೊದಲು ಕೆಟ್ಟಿದ್ದು ಕಣ್ಣು. "ಬಾಬು, ಹಸರು ಕಾಣ್ತದೇನು ನೋಡ್ರಿ. ನನಗ ಎಲ್ಲಾ ಮಂಜ ಮಂಜ ಆಗ್ಲಿಕತ್ತದ" ಎಂದು ದೀಪವನ್ನು ನನ್ನ ಮುಂದೆ ಹಿಡಿಯುತ್ತಿದ್ದರು. ಆಮೇಲೆ ಕಾಲು. ನೆಟ್ಟಗೆ ಹೊರಟವರು ಬಲಕ್ಕೆ ವಾಲಿ ಚೀಲಕ್ಕೆ ತಾಗುತ್ತಿದ್ದರು. ಆಮೇಲೆ ನಾಲಿಗೆ. ಮಾತು ದಪ್ಪಗಾಯಿತು, ಶಬ್ದಗಳು ಒಂದಕ್ಕೊಂದು ಅಂಟಿಕೊಂಡು ಬರತೊಡಗಿದವು. ಕೈಯಲ್ಲಿನ ಬಶಿ ನಡುಗಿ ಚಹಾ ಎದೆಯ ಮೇಲೆ ಚೆಲ್ಲುತ್ತಿತ್ತು. ಹೊಳೆದಂಡೆಯ ಮನೆತನ, ಕುಡುಕನ ಮಗ, ತೂರಾಡುವ ಕಾಲು, ತೊದಲುವ ನಾಲಿಗೆ. ಊರಿಗೆ ಇನ್ನೇನು ಬೇಕು? ಗ್ಯಾಸ್ ಕಾಕಾ ಮೂರು ತಿಂಗಳಲ್ಲಿ ಸೇಂದಿ ಕಾಕಾ ಆದರು. ಅವರು ಬಾಗಿಲು ತೆಗೆಯದೆ ಯಾರ ಉಸಿರನ್ನು ಕಾದಿದ್ದರೋ ಆ ಹಮಾಲರೇ ಮೊದಲು ಹಾಗೆ ಕರೆದವರು.

ಮ್ಯಾನೇಜರಿಗೆ ಅನ್ನದೆ ಇಟ್ಟುಕೊಂಡದ್ದನ್ನು ಅನ್ನುವ ಕಾಲ ಬಂತು. ದೀಪಕ್ಕೆ ಕೊಡುವ ಸ್ಪಿರಿಟು ಯಾಕೆ ಇಷ್ಟು ಬೇಗ ಮುಗಿಯುತ್ತದೆ ಎಂದು ನನ್ನನ್ನು ಕೇಳಿದರು. ಬೇರೆಯವರಾದರೆ ಒಂದು ಸಲ ನೋಡುವಲ್ಲಿ ಕಾಕಾ ಮೂರು ಸಲ ನೋಡುತ್ತಾರೆ, ಅದಕ್ಕೆ ಮುಗಿಯುತ್ತದೆ. ಇದು ನನಗೆ ಗೊತ್ತಿತ್ತು. "ಗೊತ್ತಿಲ್ರಿ" ಅಂದೆ. "ನಮಗ ಗೊತ್ತದ. ದೀಪದ್ದ ಎತ್ತಿ ಬಾಯಿಗಿ ಹಾಕ್ಲಿಕತ್ತಾನ" ಅಂದರು ಮ್ಯಾನೇಜರು. "ಹೊಳಿದಂಡಿ ಮಂದಿಗಿ ಇದೇನು ಹೊಸಾದೇನು? ಬರಿ."

ಬರೆದೆ. ಕರ್ತವ್ಯದ ವೇಳೆಯಲ್ಲಿ ಮದ್ಯಪಾನ ಮಾಡಿ, ನೆಟ್ಟಗೆ ನಿಲ್ಲಲಾರದ ಸ್ಥಿತಿಯಲ್ಲಿ, ಇತ್ಯಾದಿ. ಕೆಳಗೆ ಸಾಕ್ಷಿಯ ಜಾಗದಲ್ಲಿ, ಕಣ್ಣಾರೆ ಕಂಡಿದ್ದೇನೆ ಎಂದು ನನ್ನದೇ ಸಹಿ. ಕಂಡದ್ದು ತೂರಾಡಿದ್ದನ್ನು, ಬರೆದದ್ದು ಕುಡಿದದ್ದನ್ನು. ಆಗ ಇವೆರಡರ ನಡುವೆ ವ್ಯತ್ಯಾಸ ಇದೆ ಎಂದು ನನಗೆ ಅನ್ನಿಸಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಅನ್ನಿಸಿತ್ತು. ನನಗೂ ಹೆಂಡತಿ ಇದ್ದಳು, ಎರಡು ವರ್ಷದ ಮಗಳಿದ್ದಳು, ಮ್ಯಾನೇಜರು ಎದುರಿಗೇ ನಿಂತಿದ್ದರು.

ಕಾಕಾರನ್ನು ಕರೆಸಿ ಅದನ್ನು ಓದಿ ಹೇಳಿದವನೂ ನಾನೇ. ಈ ಸಲ ಅರ್ಧಕ್ಕೆ ನಿಲ್ಲಿಸಲಿಲ್ಲ, ಪೂರ್ತಿ ಓದಿದೆ. ಅವರು ಮ್ಯಾನೇಜರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, ಮಂಜಾದ ಕಣ್ಣು ಕಿರಿದು ಮಾಡಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು.

"ನೀವು ಕಂಡೀರೇನು, ಬಾಬು?"

ನಾನು ಸಹಿಯ ಮೇಲೆ ಮಸಿ ಹೀರುವ ಕಾಗದ ಒತ್ತಿದೆ.

"ನೀವು ಓದಿದವರು. ಕಂಡೀನಿ ಅಂತ ಬರದೀರಂದ್ರ ಕಂಡಿರಬೇಕು. ನನಗಂತೂ ಇತ್ತಿತ್ತಲಾಗ ಏನೂ ತಿಳೀವಲ್ದು, ನೆಪ್ಪು ಉಳೀವಲ್ದು."

ಬೈದಿದ್ದರೆ ಈ ಹದಿನೇಳು ವರ್ಷ ನಾನು ಸ್ವಲ್ಪ ನೆಮ್ಮದಿಯಾಗಿ ಇರುತ್ತಿದ್ದೆನೋ ಏನೋ.

ಮ್ಯಾನೇಜರು ಒಂದು ದಾರಿ ಬಿಟ್ಟರು. ಊರಿಗೆ ಹೋಗಿ ಹನುಮಂದೇವರ ಗುಡಿಯಲ್ಲಿ, ಹಿರಿಯರ ಎದುರು, ಇನ್ನು ಕುಡಿಯುವುದಿಲ್ಲ ಎಂದು ಕರ್ಪೂರ ಆರಿಸಿ ಆಣೆ ಮಾಡಿದರೆ ಕೆಲಸ ಉಳಿಯುತ್ತದೆ. ಕಾಕಾ ಒಪ್ಪಲಿಲ್ಲ. "ಕುಡಿಯದಾಂವ ಬಿಡ್ತೀನಂತ ಹ್ಯಾಂಗ ಆಣಿ ಮಾಡ್ಲಿರಿ? ದೇವ್ರು ನಗಂಗಿಲ್ಲೇನು?" ಅಂದರು. ಅವರ ಹೆಂಡತಿ, ನಾವು ಕಾಕು ಅನ್ನುತ್ತಿದ್ದವರು, ಆಫೀಸಿನ ಕಟ್ಟೆಯ ಮೇಲೆಯೇ ಅವರ ಕಾಲು ಹಿಡಿದರು. "ದೇವ್ರು ನಗ್ಲಿ. ಮಂದಿ ನಗೋದು ನಿಂದರ್ಲಿ." ಕೊನೆಗೆ ಕಾಕಾ ಹೋದರು. ಜೀವಮಾನದಲ್ಲಿ ಹನಿ ಮುಟ್ಟದವರು, ಹಿರಿಯರ ಮುಂದೆ ಕರ್ಪೂರ ಆರಿಸಿ, ಇನ್ನು ಮೇಲೆ ಕುಡಿಯುವುದಿಲ್ಲ ಅಂದು ಬಂದರು.

ಮರುದಿನ ನನ್ನ ಮೇಜಿನ ಹತ್ತಿರ ನಿಂತು ತಾವಾಗಿಯೇ ಹೇಳಿದರು. "ಕರ್ಪೂರದ ಉರಿ ಭಾಳ ಹೊತ್ತು ನೋಡಿದೆ ಬಾಬು. ಬರೇ ಕೆಂಪಿತ್ತು. ನನ್ನ ದೀಪಾದ್ರ ಏನರೆ ಹೇಳ್ತದ. ಅದು ಏನೂ ಹೇಳಲಿಲ್ಲ."

ಮತ್ತೆ ಅದೇ ಕೆಲಸ, ಅದೇ ಬಾಗಿಲು, ಅದೇ ಕಲ್ಲು. ಇನ್ನೂ ಹೆಚ್ಚು ಎಚ್ಚರದಿಂದ ಕಾವಲು ಮಲಗಿದರು. ತಿಂಗಳು ತುಂಬಿರಲಿಲ್ಲ, ಮಾಲ್‌ಗಾಡಿಯ ಪ್ಲಾಟ್‌ಫಾರ್ಮಿನ ಮೇಲೆ, ಊರಿನವರೂ ನಾಲ್ಕು ಮಂದಿ ಇರುವಾಗ, ಕಾಲು ಸೋತು ಮುಖ ಅಡಿಯಾಗಿ ಬಿದ್ದರು. ಏಳಲು ಹೋಗಿ ಮತ್ತೆ ಬಿದ್ದರು. ಬಾಯಿಂದ ಏನೋ ಶಬ್ದ ಬರುತ್ತಿತ್ತು, ಮಾತಾಗಲಿಲ್ಲ. ಎತ್ತಲು ಯಾರೂ ಹೋಗಲಿಲ್ಲ. ಕುಡಿದವನನ್ನು ಎತ್ತಬಹುದು, ಆಣೆ ಮುರಿದವನನ್ನು ಯಾರು ಎತ್ತುತ್ತಾರೆ?

ಅಲ್ಲಿಗೆ ಕೆಲಸ ಹೋಯಿತು. ಊರಲ್ಲಿ ಅವರ ಕೈಯಿಂದ ಎಲೆ ಅಡಿಕೆ ತೆಗೆದುಕೊಳ್ಳುವುದನ್ನು ಬಿಟ್ಟರಂತೆ. ದೇವರ ಮುಂದೆ ಆಡಿದ ಮಾತಿಗೆ ತಪ್ಪಿದವರ ಎಲೆ ಯಾರಿಗೆ ಬೇಕು? ಗೋದಾಮು ಬಿಟ್ಟ ಐದಾರು ತಿಂಗಳಿಗೆ ಕಾಕಾ ಸ್ವಲ್ಪ ಸುಧಾರಿಸಿದರು, ಕೋಲು ಹಿಡಿದು ನಡೆಯುವಷ್ಟಾದರು. ಅದಕ್ಕೂ ಊರಿನ ಬಳಿ ಉತ್ತರ ಇತ್ತು. "ರೊಕ್ಕ ಎಲ್ಲದ ಕುಡೀಲಿಕ್ಕಿ? ಅದಕ್ಕೇ ಬಿಟ್ಟಾನ." ಬಿದ್ದರೂ ಸಾಕ್ಷಿ, ಎದ್ದರೂ ಸಾಕ್ಷಿ.

ಆಮೇಲೆ ಒಂದೇ ಸಲ ಅವರನ್ನು ಕಂಡೆ, ಚಿತ್ತಾಪುರದ ಸಂತೆಯಲ್ಲಿ. ನಾನು ಮುಖ ತಿರುಗಿಸಿ ಹೋಗುವವನಿದ್ದೆ, ದನಿ ಗುರುತು ಹಿಡಿದು ಅವರೇ ಕರೆದರು. ಕುಶಲ ಕೇಳಲಿಲ್ಲ. "ಬಾಬು, ಈಗ ದೀಪ ಯಾರು ಹಿಡೀತಾರ?" ಅಂದರು. ಹೊಸಬ ಬಂದಿದ್ದಾನೆ ಅಂದೆ. "ಅವಗ ಹೇಳ್ರಿ. ಗಿಳಿ ಹಸರು ಇದ್ದಾಗ ಬಾಗಿಲ ತಗೀಬ್ಯಾಡಂತ. ಸಾಹೇಬ್ರು ಅಂದ್ರೂ ತಗೀಬ್ಯಾಡಂತ." ಹೇಳುತ್ತೇನೆ ಅಂದೆ. ಹೊಸಬ ದೀಪವನ್ನೇ ಹಚ್ಚುತ್ತಿರಲಿಲ್ಲ. ಸ್ಪಿರಿಟು ಉಳಿಯುತ್ತದೆಂದು ಮ್ಯಾನೇಜರು ಅವನನ್ನು ಮೆಚ್ಚಿಕೊಂಡಿದ್ದರು. ನಾನು ಹೇಳಲಿಲ್ಲ.

ಗೋದಾಮು ಮುಚ್ಚಿದಾಗ ರದ್ದಿಯೊಡನೆ ಆ ಕಾಗದದ ಕಟ್ಟನ್ನೂ ಮನೆಗೆ ತಂದೆ. ದಪ್ಪ ಕಾಗದ, ಒಂದು ಬದಿ ಖಾಲಿ. ಮಗಳ ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕಲು ಹೇಳಿ ಮಾಡಿಸಿದಂತಿತ್ತು. ಅಕ್ಷರವಿದ್ದ ಬದಿ ಒಳಗೆ, ಖಾಲಿ ಬದಿ ಹೊರಗೆ. ಹೀಗೆ ಆ ಮಾತುಗಳು ನನ್ನ ಮನೆಯಲ್ಲೇ ಹತ್ತು ವರ್ಷ ಒಳಮುಖವಾಗಿ ಕೂತಿದ್ದವು.

ಮಗಳು ಈಗ ಕಲಬುರಗಿಯಲ್ಲಿ ಬಿ.ಎಸ್ಸಿ. ಓದುತ್ತಾಳೆ. ಹೋದ ವರ್ಷ ರಜೆಗೆ ಬಂದವಳು ಹಳೆಯ ಪುಸ್ತಕಗಳನ್ನು ಪಕ್ಕದ ಮನೆಗೆ ಕೊಡೋಣವೆಂದು ರಟ್ಟು ಬಿಚ್ಚುತ್ತಿದ್ದಳು. "ಅಪ್ಪಾ, ಇದು ನಮ್ಮ ಪಾಠದಾಗ ಅದ" ಎಂದು ಹಿಗ್ಗಿನಿಂದ ಕೂಗಿದಳು. "ಮಿಥೈಲ್ ಬ್ರೋಮೈಡ್. ಆಲ್ಕೈಲ್ ಹ್ಯಾಲೈಡು. ಒಂದು ಇಂಗಾಲ, ಮೂರು ಹೈಡ್ರೋಜನ್ನು, ಒಂದು ಬ್ರೋಮಿನ್ನು, ಅಷ್ಟೇ ನೋಡಪ್ಪಾ." ಅದು ಸಿಕ್ಕ ವಸ್ತುವಿಗೆ ತನ್ನ ಇಂಗಾಲದ ಭಾಗವನ್ನು ಅಂಟಿಸುತ್ತದಂತೆ, ಬ್ರೋಮಿನ್ನು ಮಾತ್ರ ಕಳಚಿಕೊಂಡು ಹೊರಟುಹೋಗುತ್ತದಂತೆ. ಅಂಟಿಸಿ ಹೊರಟುಹೋಗುವವರ ವಿಷಯ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಕೆಳಗ ಏನದ ಓದವ್ವಾ" ಅಂದೆ.

ಅವಳು ಓದಿ ಕನ್ನಡದಲ್ಲಿ ಹೇಳುತ್ತ ಹೋದಳು. ಈ ಅನಿಲಕ್ಕೆ ವಾಸನೆ ಇಲ್ಲ. ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಹತ್ತಿರ ಮಲಗಬಾರದು. ಸ್ವಲ್ಪಸ್ವಲ್ಪವೇ ಬಹಳ ದಿನ ಉಸಿರಿನಲ್ಲಿ ಹೋದರೆ ದೃಷ್ಟಿ ಮಂಜಾಗುತ್ತದೆ, ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ನೆನಪು ತಪ್ಪುತ್ತದೆ. ಆಮೇಲೆ ಒಂದು ಸಾಲು: ಇಂಥ ಕೆಲಸಗಾರನನ್ನು ಕುಡಿದಿದ್ದಾನೆಂದು ತಪ್ಪು ತಿಳಿಯುವ ಸಂಭವವಿದೆ; ಕೂಡಲೇ ಕೆಲಸದಿಂದ ದೂರವಿರಿಸಿ ವೈದ್ಯರಿಗೆ ತೋರಿಸಬೇಕು.

ಎರಡು ಸಲ ಓದಿಸಿದೆ. ಮಗಳು "ಯಾಕಪ್ಪಾ?" ಅಂದಳು. ಏನಿಲ್ಲ ಅಂದೆ.

ಆವತ್ತೇ ಗುಂಡಗುರ್ತಿಗೆ ಹೋಗಬೇಕಿತ್ತು. ಹೋಗಲಿಲ್ಲ. ಮೊದಲು ಮಳೆ ಅಂದುಕೊಂಡೆ, ಆಮೇಲೆ ಮೊಣಕಾಲು ನೋವು ಅಂದುಕೊಂಡೆ, ಆಮೇಲೆ ಹಬ್ಬ. ಕಾಗದ ಅಂಗಿಯ ಜೇಬಿನಲ್ಲೇ ಎಂಟು ತಿಂಗಳು ತಿರುಗಿತು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಅದೇ ನಿಜ. ಅವರು ಸತ್ತ ಸುದ್ದಿ ತಿಳಿದ ಮೇಲೆ ಧೈರ್ಯ ಬಂತು. ಮುಂದಿನ ಸೋಮವಾರ ಹೋದೆ.

ಕಾಕು ಗುರುತು ಹಿಡಿದರು. "ಬರ್ರಿ ಬಾಬು, ಕುಂದ್ರಿ" ಎಂದು ಕಂಬಳಿ ಹಾಸಿ, ಒಳಗೆ ಹೋಗಿ ಸ್ಟೋವ್ ಹಚ್ಚಿ ಚಹಾಕ್ಕೆ ನೀರಿಟ್ಟು ಬಂದರು. "ಒಬ್ಬರೂ ಬಂದಿಲ್ಲ ನೋಡ್ರಿ ಮಾತಾಡ್ಸಲಿಕ್ಕಿ. ಕುಡುಕ ಸತ್ರ ಯಾರ ಬರ್ತಾರ?" ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ನಾನು ಕಾಗದ ತೆಗೆದೆ. ಕಾಕಾ ಕೇಳಿದ್ದ ಕೆಳಗಿನ ಅರ್ಧವನ್ನು, ಮಗಳು ಹೇಳಿದ ಹಾಗೆ, ಕನ್ನಡದಲ್ಲಿ ಪೂರ್ತಿ ಓದಿ ಹೇಳಿದೆ.

ಕಾಕು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಆಮೇಲೆ ನನಗಲ್ಲ, ಎದುರಿನ ಗೋಡೆಗೆ ಹೇಳುವವರಂತೆ ಶುರು ಮಾಡಿದರು.

"ದಿನಾ ಸಂಜಿಗಿ ಮನಿಗಿ ಬಂದ ಕೂಡ್ಲೇ ಅವರ ಬಾಯಿ ಮೂಸಿ ನೋಡ್ತಿದ್ದೆ. ಅವರೂ ಸಣ್ಣ ಕೂಸಿನಂಗ ಬಾಯಿ ತಗದು ತೋರಸ್ತಿದ್ರು. ಒಂದಿನಾನೂ ವಾಸನಿ ಬಂದಿಲ್ಲ ಬಾಬು. ಒಂದಿನಾನೂ ಬಂದಿಲ್ಲ. 'ಲವಂಗ ತಿಂದೀರೇನು, ಏನ ಮಾಡಿ ಮುಚ್ಚೀರಿ' ಅಂತ ಬೈತಿದ್ದೆ. ಬಾಬು ಸಹಿ ಮಾಡಿ ಕೊಟ್ಟಾರ, ಸುಳ್ಳ ಹ್ಯಾಂಗ ಇರ್ತದ ಅಂತಿದ್ದೆ. ನನ್ನ ಮೂಗು ನಾ ನಂಬಲಿಲ್ಲ."

ನನ್ನ ಕೈಯಲ್ಲಿದ್ದ ಕಾಗದವನ್ನು ತೆಗೆದುಕೊಂಡು ಅತ್ತಿತ್ತ ತಿರುಗಿಸಿ ನೋಡಿದರು. ಓದು ಬಾರದವರು. ರಟ್ಟು ಮಡಚಿದ್ದ ಗೆರೆಗಳನ್ನು ಬೆರಳಿನಿಂದ ಸವರಿದರು. ಹಳೆಯ ಕಾಗದ ಎಂದು ಅವರಿಗೆ ತಿಳಿಯಿತು.

"ಇದು ನಿಮ್ಮ ಹತ್ರ ಎಂದಿನಿಂದ ಅದ, ಬಾಬು?"

ಮೊನ್ನೆ ಸಿಕ್ಕಿತು ಅನ್ನಬಹುದಿತ್ತು. ಬಾಯಿಗೂ ಬಂದಿತ್ತು.

"ಮೊದಲಿಂದನೂ, ಕಾಕು" ಅಂದೆ.

ಅವರು ಎದ್ದು ಒಳಗೆ ಹೋದರು. ಸ್ಟೋವಿನ ಸಪ್ಪಳ ನಿಂತಿತು. ಚಹಾ ಕುದಿದಿರಬೇಕು, ತರುತ್ತಾರೆ ಎಂದು ಕೂತೆ. ಕಟ್ಟೆಯ ಮೇಲಿನ ಬಿಸಿಲು ಕಂಬಳಿಯವರೆಗೆ ಬಂತು. ಯಾರೂ ಹೊರಗೆ ಬರಲಿಲ್ಲ. ಕಾಗದ ಅವರ ಹತ್ತಿರವೇ ಉಳಿಯಿತು. ನಾನು ಚಪ್ಪಲಿ ಮೆಟ್ಟಿಕೊಂಡು, ಬರುತ್ತೇನೆ ಎಂದು ಹೇಳದೆ ಬಂದೆ.